ಬ್ರೇಕ್ ತುಳಿದರೆ ಆರುತ್ತಿದ್ದ ಲೈಟು

ಮಳೆಗಾಲದ ರಾತ್ರಿ, ಶಿರಾಡಿ ಘಾಟಿ ಇಳಿದು ಗುಂಡ್ಯದಲ್ಲಿ ಚಹಾಕ್ಕೆ ಲಾರಿ ನಿಲ್ಲಿಸಿದ್ದೆ. ಹಿಂದೆಯೇ ಬಂದ ಪಿಕಪ್ ಡ್ರೈವರ್, "ಅಣ್ಣಾ, ಬ್ರೇಕ್ ಹೊಡೆದಾಗೆಲ್ಲ ನಿಮ್ಮ ಬಲಗಡೆ ಲೈಟು ಆರಿಹೋಗುತ್ತೆ, ನೋಡ್ಕೊಳ್ಳಿ" ಅಂದ. ಹತ್ತಬೇಕಾದ್ದು ಆರುತ್ತದೆಯೇ ಅಂತ ನಗು ಬಂತು. ಕ್ಲೀನರ್ ಹುಡುಗನನ್ನು ಹಿಂದೆ ನಿಲ್ಲಿಸಿ ಪೆಡಲ್ ತುಳಿದೆ. ಮಾತು ನಿಜ. ಪಾರ್ಕ್ ಲೈಟ್ ಹಾಕಿದ್ದರೆ ಆರುತ್ತಿತ್ತು. ಹಾಕದಿದ್ದರೆ ಮಿಣುಕು ದೀಪದ ಹಾಗೆ ಹತ್ತುತ್ತಿತ್ತು. ಎಡಗಡೆಯದು ಸರಿಯಾಗಿತ್ತು.

ಊರಲ್ಲಿ ಎಲೆಕ್ಟ್ರಿಷಿಯನ್ ಬಲ್ಬ್ ಬದಲಿಸಿದ, ಬ್ರೇಕ್ ಸ್ವಿಚ್ಚನ್ನೂ ಬದಲಿಸಿದ. ಲೈಟು ಇದ್ದ ಹಾಗೇ ಇತ್ತು. ಎಡಗಡೆ ಚೆನ್ನಾಗಿ ಉರಿಯುತ್ತಿದೆ ಅಂದಮೇಲೆ ಎರಡು ಕಡೆಗೂ ಒಂದೇ ಆದ ಫ್ಯೂಸು, ಸ್ವಿಚ್ಚು ಸರಿ ಇವೆ ಅಂತಲೇ ಲೆಕ್ಕ. ದುಡ್ಡು ಕೊಡುವವರೆಗೂ ಅದು ನನಗೂ ಹೊಳೆಯಲಿಲ್ಲ ಬಿಡಿ.

ಭಾನುವಾರ ನಾನೇ ಕೂತೆ. ಏರ್ ಬ್ರೇಕ್ ಗಾಡಿಯಲ್ಲಿ ಈ ಸ್ವಿಚ್ಚು ಗಾಳಿಯ ಒತ್ತಡಕ್ಕೆ ಕೆಲಸ ಮಾಡುವಂಥದ್ದು. ಟ್ಯಾಂಕ್ ಖಾಲಿ ಇದ್ದರೆ ಎಷ್ಟು ತುಳಿದರೂ ಲೈಟು ಬರದು. ಹಾಗಾಗಿ ಚಕ್ರಕ್ಕೆ ಕಲ್ಲು ಕೊಟ್ಟು, ಗಾಳಿ ತುಂಬಿಸಿಕೊಂಡು, ಪೆಡಲ್‌ಗೂ ಸೀಟಿಗೂ ನಡುವೆ ಮರದ ತುಂಡು ಸಿಕ್ಕಿಸಿ ಎಂಜಿನ್ ಆಫ್ ಮಾಡಿದೆ.

ಬಲ್ಬ್ ತೆಗೆದು ಮೀಟರಿನ ಕೆಂಪು ಕಡ್ಡಿಯನ್ನು ಹೋಲ್ಡರ್ ಒಳಗಿನ ಬ್ರೇಕ್ ಪಾಯಿಂಟಿಗೆ, ಕಪ್ಪನ್ನು ಚಾಸಿಗೆ (ಗಾಡಿಯ ಕಬ್ಬಿಣದ ಚೌಕಟ್ಟಿಗೆ) ಹಿಡಿದೆ: 25 ವೋಲ್ಟ್. 12ರ ಎರಡು ಬ್ಯಾಟರಿ ಸೇರಿದ ಗಾಡಿಗೆ ಸರಿಯಾದ ಲೆಕ್ಕ. ಕಪ್ಪನ್ನು ಚಾಸಿಯಿಂದ ತೆಗೆದು ಹೋಲ್ಡರಿನ ತಗಡಿಗೇ ಹಿಡಿದೆ. ಮೀಟರು ಕೆಳಗಿಳಿದು ಕೂತುಬಿಟ್ಟಿತು. ಕರೆಂಟ್ ಬರುತ್ತಿದೆ, ವಾಪಸ್ ಹೋಗಲು ದಾರಿಯಿಲ್ಲ. ಅರ್ಥ್, ಅಂದರೆ ಲೈಟಿನಿಂದ ಚಾಸಿಗೆ ಹೋಗುವ ವಾಪಸ್ ದಾರಿ, ಹೋಗಿತ್ತು.

ಆ ಬಲ್ಬಿನಲ್ಲಿ ಉರಿಯುವ ತಂತಿ (ಫಿಲಮೆಂಟ್) ಎರಡು: ಬ್ರೇಕಿಗೆ 21 ವ್ಯಾಟಿನದು, ಪಾರ್ಕಿಗೆ 5ರದು. ಎರಡಕ್ಕೂ ಅರ್ಥ್ ಒಂದೇ. ಅದು ಕೈಕೊಟ್ಟಾಗ ಬ್ರೇಕಿನ ಕರೆಂಟು ಪಾರ್ಕ್ ತಂತಿಯಲ್ಲಿ ಹಿಮ್ಮುಖವಾಗಿ ನುಗ್ಗಿ, ನಂಬರ್ ಪ್ಲೇಟ್ ಲೈಟು, ಇನ್ನಿತರ ಪಾರ್ಕ್ ಬಲ್ಬುಗಳ ಮೂಲಕ ಬಾಡಿ ಸೇರುತ್ತದೆ. ಮಿಣುಕುತ್ತಿದ್ದದ್ದು ಆ 5 ವ್ಯಾಟಿನ ತಂತಿ. ಪಾರ್ಕ್ ಲೈಟೂ ಹಾಕಿದ್ದರೆ ಎರಡು ಕಡೆಯಿಂದಲೂ ಅಷ್ಟೇ ವೋಲ್ಟೇಜು. ಹರಿಯಲು ಜಾಗವಿಲ್ಲದೆ ಎರಡೂ ಆರುತ್ತವೆ.

ಅರ್ಥ್ ವೈರು ಹಿಡಿದು ಹೋದರೆ ಚಾಸಿಯ ಹಿಂದಿನ ಅಡ್ಡಪಟ್ಟಿಯಲ್ಲಿ (ಕ್ರಾಸ್ ಮೆಂಬರ್) ಒಂದು ಬೋಲ್ಟು. ಹಳೇ ಗಾಡಿ, ವರ್ಷ ವರ್ಷ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್). ಅದಕ್ಕೆಂದು ಪೇಂಟ್ ಹೊಡೆಸಿದಾಗ ಬೋಲ್ಟು ಬಿಚ್ಚಿದ ಪೇಂಟರ್ ಆ ಜಾಗಕ್ಕೂ ಬಳಿದು, ಮೇಲೆ ವೈರಿನ ಬಿಲ್ಲೆ ಇಟ್ಟು ಬಿಗಿದಿದ್ದ. ಬೋಲ್ಟಿನ ಥ್ರೆಡ್ಡುಗಳ ಮೂಲಕವೇ ಹೇಗೋ ಅಷ್ಟು ದಿನ ಕರೆಂಟು ಹರಿದಿತ್ತು. ಮಳೆ ನೀರಿಗೆ ಅವೂ ತುಕ್ಕು ಹಿಡಿದು, ತಾಮ್ರಕ್ಕೆ ಹಸಿರು ಕಿಲುಬು ಕಟ್ಟಿತ್ತು. ಉಪ್ಪು ಕಾಗದದಲ್ಲಿ ಕಬ್ಬಿಣ ಹೊಳೆಯುವ ತನಕ ಉಜ್ಜಿ, ಹೊಸ ವೈರು, ಹೊಸ ಬೋಲ್ಟು, ಹಲ್ಲಿನ ವಾಷರ್ ಹಾಕಿ ಬಿಗಿದು, ಆಮೇಲೆ ಗ್ರೀಸ್ ಮೆತ್ತಿದೆ. ಮೊದಲೇ ಗ್ರೀಸ್ ಹಚ್ಚುವವರಿದ್ದಾರೆ, ನಾನು ಹಚ್ಚುವುದಿಲ್ಲ. ಬಲ್ಬ್ ಉರಿಯುತ್ತಿರುವಾಗಲೇ ಹೋಲ್ಡರ್ ತಗಡಿಗೂ ಚಾಸಿಗೂ ಮೀಟರ್ ಹಿಡಿದೆ: 0.1 ವೋಲ್ಟ್. ಅಂದರೆ ಅರ್ಥ್ ಸರಿಯಾಯಿತು.

ಎಡಗಡೆಯದನ್ನೂ ಬಿಚ್ಚಿದೆ. ಅಲ್ಲೂ ಅದೇ ಪೇಂಟು. ಹಳೇ ಸ್ವಿಚ್ಚು ಟೂಲ್ ಬಾಕ್ಸಿನಲ್ಲಿದೆ. ಏನೂ ಆಗಿಲ್ಲ ಅದಕ್ಕೆ.