ಹಳೆಯ ಆಂಡ್ರಾಯ್ಡ್ ಪ್ರಾಜೆಕ್ಟ್ ಬಿಲ್ಡ್ ಆಗುತ್ತಿಲ್ಲವೇ? ಮೊದಲು ಮೂರು ಸಂಖ್ಯೆ ಬರೆದುಕೊಳ್ಳಿ

ಹಿಂದೆ ಸಲೀಸಾಗಿ ಓಡುತ್ತಿದ್ದ ಪ್ರಾಜೆಕ್ಟ್ ಅನ್ನು ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆದಾಗ ಕೆಂಪಕ್ಷರದಲ್ಲಿ ಒಂದು ಸಾಲು ಕಾಣಿಸುತ್ತದೆ: ‘ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 65’. ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಆಗ ಗಾಬರಿಯಲ್ಲಿ ಕ್ಯಾಶ್ ಅಳಿಸುವವರು, ಆಂಡ್ರಾಯ್ಡ್ ಸ್ಟುಡಿಯೊವನ್ನೇ ತೆಗೆದು ಮತ್ತೆ ಹಾಕುವವರು, ಕಂಡ ಆವೃತ್ತಿಯನ್ನೆಲ್ಲ ಹೊಸದಕ್ಕೆ ಏರಿಸುವವರು ಬಹಳ. ದಯವಿಟ್ಟು ಇದ್ಯಾವುದನ್ನೂ ಮೊದಲಿಗೇ ಮಾಡಬೇಡಿ. ತೊಡಕು ಎಲ್ಲಿದೆ ಎಂಬುದನ್ನು ಆ ಸಾಲೇ ಹೇಳುತ್ತಿದೆ.

65ರಲ್ಲಿ 44 ಕಳೆಯಿರಿ, 21 ಉಳಿಯಿತು. ಅದೇ ಜಾವಾ ಆವೃತ್ತಿ. ಹೀಗೆಯೇ 52 ಎಂದರೆ ಜಾವಾ 8, 55 ಎಂದರೆ 11, 61 ಎಂದರೆ 17. ನಿಮ್ಮ ಗ್ರೇಡಲ್, ಅಂದರೆ ಕೋಡನ್ನು ಆ್ಯಪ್ ಆಗಿ ಕಟ್ಟುವ ಟೂಲ್, ಜಾವಾ 21ರ ಮೇಲೆ ಓಡಲು ಹೊರಟಿದೆ, ಆದರೆ ಅದಕ್ಕೆ ಆ ಜಾವಾ ಗೊತ್ತಿಲ್ಲ. 2024ರ ಲೇಡಿಬಗ್ ಆವೃತ್ತಿಯಿಂದ ಆಂಡ್ರಾಯ್ಡ್ ಸ್ಟುಡಿಯೊ ಜೊತೆ ಜೆಡಿಕೆ 21 (ಜಾವಾ 21ರ ಡೆವಲಪ್‌ಮೆಂಟ್ ಕಿಟ್) ಬರುತ್ತಿದೆ. ಅದರ ಮೇಲೆ ಓಡಬೇಕಾದರೆ ಗ್ರೇಡಲ್ ಕನಿಷ್ಠ 8.5 ಆಗಿರಬೇಕು.

ಈಗ ಕಾಗದದ ಮೇಲೆ ಮೂರು ಸಂಖ್ಯೆ ಬರೆದುಕೊಳ್ಳಿ. ಮೊದಲನೆಯದು ಗ್ರೇಡಲ್ ಆವೃತ್ತಿ. ಪ್ರಾಜೆಕ್ಟ್‌ನ ಗ್ರೇಡಲ್ ಫೋಲ್ಡರ್‌ನಲ್ಲಿ ರ‍್ಯಾಪರ್ ಎಂಬ ಫೋಲ್ಡರ್ ಇದೆ (ಪ್ರಾಜೆಕ್ಟ್‌ಗೆ ತಕ್ಕ ಗ್ರೇಡಲ್ ಇಳಿಸಿ ಓಡಿಸುವ ಸ್ಕ್ರಿಪ್ಟ್‌ಗೆ ಆ ಹೆಸರು). ಅಲ್ಲಿನ ಪ್ರಾಪರ್ಟೀಸ್ ಫೈಲ್‌ನಲ್ಲಿ ಡೌನ್‌ಲೋಡ್ ವಿಳಾಸದ ಒಳಗೇ ಆ ಸಂಖ್ಯೆ ಸಿಗುತ್ತದೆ. ಎರಡನೆಯದು ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್, ಅಂದರೆ ಎಜಿಪಿ: ಆಂಡ್ರಾಯ್ಡ್ ಆ್ಯಪ್ ಕಟ್ಟಲು ಗ್ರೇಡಲ್‌ಗೆ ಬೇಕಾದ ಸೇರ್ಪಡೆ. ಅದು ಪ್ರಾಜೆಕ್ಟ್‌ನ ಮೂಲ ಬಿಲ್ಡ್ ಫೈಲ್‌ನಲ್ಲಿ, ಇಲ್ಲವೇ ಆವೃತ್ತಿಗಳನ್ನೆಲ್ಲ ಒಂದೆಡೆ ಪಟ್ಟಿ ಮಾಡಿದ ವರ್ಷನ್ ಕ್ಯಾಟಲಾಗ್‌ನಲ್ಲಿರುತ್ತದೆ.

ಮೂರನೆಯದು ಜೆಡಿಕೆ. ಹೆಚ್ಚು ಜನ ಎಡವುವುದು ಇಲ್ಲೇ, ಏಕೆಂದರೆ ಒಂದೇ ಕಂಪ್ಯೂಟರ್‌ನಲ್ಲಿ ಎರಡು ಉತ್ತರ ಸಿಗಬಹುದು. ಟರ್ಮಿನಲ್‌ನಲ್ಲಿ ಪ್ರಾಜೆಕ್ಟ್‌ನ ರ‍್ಯಾಪರ್ ಕಮಾಂಡನ್ನು (gradlew) ‘ವರ್ಷನ್’ ಆಯ್ಕೆಯೊಂದಿಗೆ ಓಡಿಸಿದರೆ ಅಲ್ಲಿ ಬಳಕೆಯಾಗುವ ಜಾವಾ ಗೊತ್ತಾಗುತ್ತದೆ. ಸಾಮಾನ್ಯವಾಗಿ ಅದು ‘ಜಾವಾ ಹೋಮ್’ ವೇರಿಯಬಲ್ ತೋರಿಸುವ ಜಾವಾ. ಆದರೆ ಸ್ಟುಡಿಯೊಗೆ ತನ್ನದೇ ಸೆಟ್ಟಿಂಗ್ ಇದೆ: ಸೆಟ್ಟಿಂಗ್ಸ್‌ನ ಬಿಲ್ಡ್ ಟೂಲ್ಸ್ ಅಡಿ ಗ್ರೇಡಲ್ ಆರಿಸಿದರೆ ‘ಗ್ರೇಡಲ್ ಜೆಡಿಕೆ’ ಕಾಣುತ್ತದೆ. ಟರ್ಮಿನಲ್‌ನಲ್ಲಿ ಬಿಲ್ಡ್ ಆಗಿ ಸ್ಟುಡಿಯೊದಲ್ಲಿ ಕೈಕೊಡುತ್ತಿದ್ದರೆ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿಮ್ಮ ಹೋಮ್ ಫೋಲ್ಡರ್‌ನ ಗ್ರೇಡಲ್ ಪ್ರಾಪರ್ಟೀಸ್ ಫೈಲನ್ನೂ ಮರೆಯಬೇಡಿ. ಎಂದೋ ಬರೆದಿಟ್ಟ ಜಾವಾ ಹಾದಿ ಅಲ್ಲಿ ಉಳಿದಿದ್ದರೆ, ಪ್ರಾಜೆಕ್ಟ್‌ನ ಅದೇ ಹೆಸರಿನ ಫೈಲ್‌ಗಿಂತ ಅದರ ಮಾತೇ ನಡೆಯುತ್ತದೆ.

ಇನ್ನು ತಾಳೆ ನೋಡುವುದು. ಎಜಿಪಿ 7.0ಯಿಂದ 7.4ರವರೆಗೆ ಕನಿಷ್ಠ ಜೆಡಿಕೆ 11 ಬೇಕು, 8.0ಯಿಂದ 17. ಎಜಿಪಿ 7.4ಕ್ಕೆ ಗ್ರೇಡಲ್ 7.5, 8.2ಕ್ಕೆ 8.2, 8.5ಕ್ಕೆ 8.7 ಕನಿಷ್ಠ ಮಿತಿ.

ನಿಮ್ಮ ಚೀಟಿಯಲ್ಲಿ ಗ್ರೇಡಲ್ 7.5, ಎಜಿಪಿ 7.4, ಜೆಡಿಕೆ 21 ಇದೆ ಎನ್ನಿ. ಜೆಡಿಕೆ 17 ಹಾಕಿಕೊಂಡು ಸ್ಟುಡಿಯೊದಲ್ಲಿ ಅದನ್ನೇ ಆರಿಸಿ. ಈ ದೋಷಕ್ಕೆ ಅಷ್ಟೇ ಸಾಕು, ಪ್ರಾಜೆಕ್ಟ್‌ನ ಗ್ರೇಡಲ್ ಫೈಲ್‌ಗಳನ್ನು ಮುಟ್ಟಬೇಕಿಲ್ಲ. ಮುಂದಿನ ವಾರ ಆ್ಯಪ್ ಕೊಡಬೇಕಾದವರಿಗೆ ನಾನು ಹೇಳುವುದು ಇದನ್ನೇ. ಬಳಿಕ ರ‍್ಯಾಪರ್ ಕಮಾಂಡ್‌ಗೆ ‘ಸ್ಟಾಪ್’ ಆಯ್ಕೆ ಕೊಟ್ಟು ಹಳೆಯ ಡೀಮನ್, ಅಂದರೆ ಹಿನ್ನೆಲೆಯಲ್ಲಿ ಓಡುತ್ತಿರುವ ಗ್ರೇಡಲ್ ಅನ್ನು, ನಿಲ್ಲಿಸಿ. ಇಲ್ಲದಿದ್ದರೆ ಕೆಲಸವಿಲ್ಲದೆಯೂ ಅದು 3 ಗಂಟೆ ಮೆಮೊರಿ ಹಿಡಿದು ಕೂರಬಹುದು.

ಆವೃತ್ತಿ ಏರಿಸಲೇಬೇಕಿದ್ದರೆ ಮೊದಲು ಜೆಡಿಕೆ (ಈಗಿರುವ ಗ್ರೇಡಲ್‌ಗೆ ಗೊತ್ತಿರುವ ಆವೃತ್ತಿಯವರೆಗೆ ಮಾತ್ರ), ಆಮೇಲೆ ಗ್ರೇಡಲ್, ಕೊನೆಗೆ ಎಜಿಪಿ. ಒಂದೊಂದಾದ ಮೇಲೂ ಬಿಲ್ಡ್ ಮಾಡಿ, ಗಿಟ್‌ನಲ್ಲಿ ಕಮಿಟ್ ಮಾಡಿ. ಒಟ್ಟಿಗೆ ಎರಡು ಬದಲಿಸಿದರೆ ಯಾವುದು ಕೆಡಿಸಿತೆಂದು ಹುಡುಕುವುದರಲ್ಲೇ ದಿನ ಕಳೆಯುತ್ತದೆ. ಎಜಿಪಿ ಏರಿಸಲು ಟೂಲ್ಸ್ ಮೆನುವಿನಲ್ಲಿ ಅಪ್‌ಗ್ರೇಡ್ ಅಸಿಸ್ಟೆಂಟ್ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಏರಿಸಿದ ಮೇಲೆ ‘ಇನ್‌ಕನ್ಸಿಸ್ಟೆಂಟ್ ಜೆವಿಎಂ ಟಾರ್ಗೆಟ್’ ಎಂಬ ದೂರು ಬಂದರೆ ಹೆದರಬೇಡಿ. ಜಾವಾ ಕೋಡ್ 1.8ಕ್ಕೆ, ಕಾಟ್ಲಿನ್ ಕೋಡ್ 17ಕ್ಕೆ ಕಂಪೈಲ್ ಆಗುತ್ತಿದೆ ಎಂಬಂಥದ್ದೇ ಅದರ ಅರ್ಥ. ಮಾಡ್ಯೂಲ್‌ನ ಬಿಲ್ಡ್ ಫೈಲ್‌ನಲ್ಲಿ ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟರೆ ಸರಿಹೋಗುತ್ತದೆ.

ತಂಡದಲ್ಲಿ ಕೆಲಸ ಮಾಡುವವರು ರ‍್ಯಾಪರ್ ಸ್ಕ್ರಿಪ್ಟ್, ಪ್ರಾಪರ್ಟೀಸ್ ಫೈಲ್, ಜಾರ್ ಎಲ್ಲವನ್ನೂ ಗಿಟ್‌ಗೆ ಸೇರಿಸಬೇಕು. ಜಾರ್ ಫೈಲ್‌ಗಳನ್ನೆಲ್ಲ ಬಿಡು ಎಂದು ಗಿಟ್‌ಇಗ್ನೋರ್‌ನಲ್ಲಿ ಬರೆದಿದ್ದರೆ ರ‍್ಯಾಪರ್‌ನ ಜಾರ್ ಕೂಡ ಹೊರಗುಳಿಯುತ್ತದೆ. ಅದೊಂದಕ್ಕೆ ವಿನಾಯಿತಿ ಸಾಲು ಹಾಕಿ.