ಸೆಟರ್ ಯಾವಾಗ ಓಡುತ್ತದೆ? ಪ್ರಿಂಟ್ ಹಾಕಿ ನೋಡಿದೆ

ಪೈಥಾನ್‌ನಲ್ಲಿ ಪ್ರಾಪರ್ಟಿ ಅಂದರೆ ಹೊರಗಿನಿಂದ ಆಬ್ಜೆಕ್ಟ್‌ನ ಸಾಮಾನ್ಯ ಆಟ್ರಿಬ್ಯೂಟ್‌ನಂತೆ ಕಾಣುವ ಹೆಸರು; ಅದನ್ನು ಓದಿದರೆ ಗೆಟರ್, ಅದಕ್ಕೆ ಬೆಲೆ ಕೊಟ್ಟರೆ ಸೆಟರ್ ಎಂಬ ಫಂಕ್ಷನ್ ಓಡುತ್ತದೆ. ಪ್ರಾಪರ್ಟಿ ಬರೆದಾಗೆಲ್ಲ ಗೆಟರ್‌ ಒಳಗೊಂದು, ಸೆಟರ್‌ ಒಳಗೊಂದು ಪ್ರಿಂಟ್ ಹಾಕಿಬಿಡುತ್ತೇನೆ. ಯಾವ ಸಾಲು ಓಡಿದಾಗ ಯಾವುದು ಬರುತ್ತದೆ ಅಂತ ಕಣ್ಣಾರೆ ನೋಡಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ನನಗೆ ಪಾಠ ಕಲಿಸಿದ್ದು ಲಿಸ್ಟ್. ಬುಟ್ಟಿ ಅಂತ ಒಂದು ಆಬ್ಜೆಕ್ಟ್, ಅದಕ್ಕೆ ಸಾಮಾನು ಅಂತ ಪ್ರಾಪರ್ಟಿ. 10ಕ್ಕಿಂತ ಜಾಸ್ತಿ ಇದ್ದರೆ ಸೆಟರ್ ಎರರ್ ಕೊಡಬೇಕು. ‘ಬುಟ್ಟಿ.ಸಾಮಾನು = ಹೊಸಲಿಸ್ಟ್’ ಅಂದಾಗ ಸೆಟರ್ ಓಡಿತು, ಸರಿ. ಅದೇ ಸಾಮಾನಿನ ಮೇಲೆ ಅಪೆಂಡ್ (ಲಿಸ್ಟಿನ ಕೊನೆಗೆ ಒಂದನ್ನು ಸೇರಿಸುವ ಮೆಥಡ್) ಕರೆದಾಗ ಬಂದದ್ದು ಗೆಟರ್‌ನ ಪ್ರಿಂಟ್ ಮಾತ್ರ. 11ನೆಯದು ಸದ್ದಿಲ್ಲದೆ ಒಳಗೆ ಹೋಯಿತು! ಗೆಟರ್ ಲಿಸ್ಟನ್ನು ಕೈಗೆ ಕೊಟ್ಟು ಸುಮ್ಮನಾಗುತ್ತದೆ. ಆಮೇಲೆ ಆ ಲಿಸ್ಟಿನೊಳಗೆ ಏನೇ ಆದರೂ ಪ್ರಾಪರ್ಟಿಗೆ ಗೊತ್ತಾಗುವುದಿಲ್ಲ.

+= (ಇದ್ದದ್ದಕ್ಕೆ ಸೇರಿಸಿ ಅದೇ ಹೆಸರಿಗೆ ಮತ್ತೆ ಕೊಡುವುದು) ಇನ್ನೂ ಮಜಾ. ಮೊದಲು ಗೆಟರ್, ಕೊನೆಗೆ ಸೆಟರ್, ಎರಡೂ ಓಡುತ್ತವೆ. ಸಂಖ್ಯೆಯಾದರೆ ತೊಂದರೆ ಇಲ್ಲ. ಲಿಸ್ಟ್ ಆದರೆ ಇವೆರಡರ ನಡುವೆ ಅದೇ ಲಿಸ್ಟ್ ಬೆಳೆದುಬಿಟ್ಟಿರುತ್ತದೆ. ಆಮೇಲೆ ಸೆಟರ್ ಎರರ್ ಕೊಟ್ಟರೂ ಸಾಮಾನು ಬುಟ್ಟಿಯಲ್ಲೇ ಉಳಿಯುತ್ತದೆ. ಹಾಗಾಗಿ ಈಗ ನನ್ನ ಗೆಟರ್ ಟ್ಯೂಪಲ್ (ಲಿಸ್ಟಿನಂತೆಯೇ, ಆದರೆ ಬದಲಾಯಿಸಲು ಬಾರದ್ದು) ಮಾಡಿ ಕೊಡುತ್ತದೆ. ಸೇರಿಸೋಕೆ ಬೇರೆ ಮೆಥಡ್ ಇದೆ.

ಇನಿಟ್ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಮೆಥಡ್) ಒಳಗೂ ಇದೇ ನಿಯಮ. ಸೆಲ್ಫ್ (ಅಂದರೆ ಆ ಆಬ್ಜೆಕ್ಟೇ) ಜೊತೆ ಪ್ರಾಪರ್ಟಿಯ ಹೆಸರು ಬರೆದು ಬೆಲೆ ಕೊಟ್ಟರೆ ಸೆಟರ್ ಓಡುತ್ತದೆ, ಅಂಡರ್‌ಸ್ಕೋರ್ ಇರುವ ಒಳಗಿನ ಹೆಸರು ಬರೆದರೆ ಇಲ್ಲ. ಮೊದಲ ಬೆಲೆಗೂ ಚೆಕ್ ಆಗಲಿ ಅಂತ ನಾನು ಪ್ರಾಪರ್ಟಿಯ ಹೆಸರನ್ನೇ ಬಳಸುತ್ತೇನೆ. ಆದರೆ ಸೆಟರ್ ಒಳಗೆ ಹಾಗೆ ಬರೆದರೆ ಅದು ತನ್ನನ್ನೇ ಕರೆದುಕೊಳ್ಳುತ್ತಾ ಹೋಗಿ ರಿಕರ್ಷನ್ ಎರರ್ ಬರುತ್ತದೆ. ಇನ್ನು ಹೊರಗಿನಿಂದ ಬೆಲೆ ಕೊಡುವಾಗ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ? ಸಾಮಾನ್ಯ ಕ್ಲಾಸ್‌ನಲ್ಲಿ ಸುಮ್ನೆ ಹೊಸ ಆಟ್ರಿಬ್ಯೂಟ್ ಹುಟ್ಟುತ್ತದೆ, ಸೆಟರ್ ಕಡೆ ಯಾರೂ ಹೋಗುವುದಿಲ್ಲ.

ನಾವು ಕರೆಯದಿದ್ದರೂ ಗೆಟರ್ ಓಡುವುದುಂಟು. ಆಬ್ಜೆಕ್ಟ್‌ನಲ್ಲಿ ಆ ಹೆಸರು ಇದೆಯೇ ಅಂತ ಕೇಳುವ ಹ್ಯಾಸ್‌ಆಟರ್ ಗೆಟರನ್ನು ನಿಜವಾಗಿಯೇ ಓಡಿಸಿ ನೋಡುತ್ತದೆ. ಡೀಬಗರ್‌ನ ವಾಚ್‌ನಲ್ಲಿ (ಬೆಲೆಗಳನ್ನು ಗಮನಿಸುವ ಪಟ್ಟಿಯಲ್ಲಿ) ಪ್ರಾಪರ್ಟಿ ಹಾಕಿಟ್ಟರೂ ಅಷ್ಟೇ. ಗೆಟರ್ ಒಳಗೆ ಎಣಿಕೆ ಏರಿಸುವ ಸಾಲಿದ್ದರೆ, ನೋಡಿದ್ದಕ್ಕೇ ಲೆಕ್ಕ ಬದಲಾಗುತ್ತದೆ. ಗೆಟರ್‌ನಲ್ಲಿ ಇಂಥ ಕೆಲಸ ಇಡಲೇಬಾರದು ಅನ್ನೋದು ಇದಕ್ಕೇ ಅಲ್ವಾ?

ಯಾರು ಕರೆದರು ಅಂತ ಪ್ರಿಂಟ್‌ನಿಂದ ತಿಳಿಯದಿದ್ದರೆ, ಅದೇ ಜಾಗದಲ್ಲಿ ಟ್ರೇಸ್‌ಬ್ಯಾಕ್ ಮಾಡ್ಯೂಲ್‌ನ ಪ್ರಿಂಟ್_ಸ್ಟಾಕ್ ಹಾಕಿ. ಯಾವ ಫೈಲಿನ ಯಾವ ಸಾಲಿನಿಂದ ಕರೆ ಬಂತು ಅಂತ ಪೂರ್ತಿ ತೋರಿಸುತ್ತದೆ.