ಕೆನಡಾ ಸಿಟಿಜನ್‌ಶಿಪ್: 1,095 ದಿನಗಳ ಲೆಕ್ಕ ಒಪ್ಪಿಸಿದ್ದು ಹೀಗೆ

ಅರ್ಜಿ ಹಾಕುವ ಮುಂಚಿನ ಐದು ವರ್ಷದಲ್ಲಿ ಕಡಿಮೆ ಅಂದರೂ 1,095 ದಿನ ಕೆನಡಾದಲ್ಲೇ ಇದ್ದೆ ಅಂತ ತೋರಿಸಬೇಕು. ಇಮಿಗ್ರೇಷನ್ ಕನ್ಸಲ್ಟೆಂಟ್ ಇಲ್ಲದೆ ನನ್ನ ಫೈಲ್ ನಿಲ್ಲಲ್ಲ ಅಂತ ಟೊರೊಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಗೊತ್ತಿದ್ದವರೆಲ್ಲ ಹೇಳಿದ್ದರು. ಆಫೀಸ್ ಕೆಲಸಕ್ಕೆ ಪದೇ ಪದೇ ಬೆಂಗಳೂರಿಗೆ ಹೋಗಿ ಬರುತ್ತಿದ್ದೆ, ಬೇಸ್‌ಮೆಂಟ್ ಬಾಡಿಗೆ ಕ್ಯಾಶ್‌ನಲ್ಲಿ ಕೊಡುತ್ತಿದ್ದೆ. 2022ರ ಕೊನೆಗೆ ಅರ್ಜಿ ಹಾಕಿದೆ. ಕೆಲವು ತಿಂಗಳಾದ ಮೇಲೆ ರೆಸಿಡೆನ್ಸ್ ಕ್ವೆಶ್ಚನೇರ್, ಅಂದರೆ ಅಷ್ಟು ದಿನ ಇಲ್ಲಿದ್ದಕ್ಕೆ ಪುರಾವೆ ಕೇಳುವ ಫಾರ್ಮ್, ಬಂದೇ ಬಂತು. ಒಬ್ಬ ಕನ್ಸಲ್ಟೆಂಟ್ ಇದಕ್ಕೆ ಕೇಳಿದ್ದು ಸುಮಾರು 1,800 ಡಾಲರ್. ನಾನೇ ಕೂತು ಮಾಡಿದೆ, ಒಂದೇ ಸಲಕ್ಕೆ ಪಾಸಾಯಿತು.

ಮೊದಲು ಕೈಕೊಟ್ಟಿದ್ದು ಮನೆ ಓನರ್. ನಾನು ಅಲ್ಲಿ ಬಾಡಿಗೆಗಿದ್ದೆ ಅಂತ ಪತ್ರ ಕೊಟ್ಟರೆ ಬಾಡಿಗೆ ಆದಾಯ ಟ್ಯಾಕ್ಸ್‌ನವರಿಗೆ ಕಾಣುತ್ತದಲ್ಲ, ಆಗಲ್ಲ ಅಂದುಬಿಟ್ಟ. ಕಂಪನಿ ಪತ್ರದಲ್ಲಿ ಸೇರಿದ ದಿನ, ಸಂಬಳ ಇತ್ತು, ಎಲ್ಲಿ ಕೂತು ಕೆಲಸ ಮಾಡಿದೆ ಅನ್ನೋದು ಇರಲಿಲ್ಲ. ಟ್ಯಾಕ್ಸ್ ಇಲಾಖೆಯ ನೋಟಿಸ್ ಆಫ್ ಅಸೆಸ್‌ಮೆಂಟ್ ಕೂಡ ಅಷ್ಟೇ, ತೆರಿಗೆ ಕಟ್ಟಿದ್ದೀರಿ ಅನ್ನುತ್ತದೆ, ದೇಶದಲ್ಲಿ ಇದ್ದಿರಿ ಅನ್ನಲ್ಲ. ಹಳೇ ಬ್ಯಾಂಕ್ ಸ್ಟೇಟ್‌ಮೆಂಟ್‌ಗಳಿಗೆ 60–70 ಡಾಲರ್ ಹೋಯಿತು, ಅದರಲ್ಲಿ ಉಪಯೋಗಕ್ಕೆ ಬಂದಿದ್ದು ಅರ್ಧ. ಅರ್ಜಿ ಫೀಸು ಆಗ 630 ಡಾಲರ್, ಅದು ಬೇರೆ.

ಕೆಲಸಕ್ಕೆ ಬಂದಿದ್ದು ಗಡಿಯ ದಾಖಲೆ. ಕೆನಡಾದ ಗಡಿ ಇಲಾಖೆ ಸಿಬಿಎಸ್‌ಎಗೆ ಪ್ರೈವಸಿ ಆಕ್ಟ್ ಅಡಿ ನನ್ನ ಟ್ರಾವೆಲರ್ ಹಿಸ್ಟರಿ (ಗಡಿ ದಾಟಿದ ದಿನಗಳ ಪಟ್ಟಿ) ಕೇಳಿದೆ, ಅದು ಫ್ರೀ. ಆದರೆ ವಿಮಾನದಲ್ಲಿ ಹೊರಗೆ ಹೋದ ದಾಖಲೆ ಇಡಲು ಶುರು ಮಾಡಿದ್ದೇ 2020ರ ಜೂನ್‌ನಿಂದ. ಅದಕ್ಕೂ ಹಿಂದಿನದಕ್ಕೆ ಬರೀ ಒಳಗೆ ಬಂದ ದಿನಗಳು. ಆ ಖಾಲಿ ಜಾಗ ತುಂಬಿದ್ದು ಭಾರತದ ಇಮಿಗ್ರೇಷನ್ ಸೀಲು. ಮೂಲೆ ಕತ್ತರಿಸಿದ ಹಳೇ ಪಾಸ್‌ಪೋರ್ಟನ್ನು ದಯವಿಟ್ಟು ಎಸೆಯಬೇಡಿ.

ಇಲ್ಲೇ ತುಂಬಾ ಜನ ಎಡವೋದು. 12ರ ಸಂಜೆ ಟೊರೊಂಟೊ ಬಿಟ್ಟೆ, 13ಕ್ಕೆ ಫ್ರಾಂಕ್‌ಫರ್ಟ್, ಬೆಂಗಳೂರು ಮುಟ್ಟುವಾಗ ಮಧ್ಯರಾತ್ರಿ ದಾಟಿ ಸೀಲಿನಲ್ಲಿ 14. ಸೀಲು ನೋಡಿ 14ಕ್ಕೆ ಕೆನಡಾ ಬಿಟ್ಟೆ ಅಂತ ಬರೆದರೆ ಇಲ್ಲದ ದಿನ ಸೇರಿಸಿಕೊಂಡ ಹಾಗೆ. ಬಿಟ್ಟ ದಿನ, ವಾಪಸ್ ಬಂದ ದಿನ ಎರಡೂ ಕೆನಡಾದ ಲೆಕ್ಕಕ್ಕೇ ಬರುತ್ತವೆ. ಹಾಗಾಗಿ ಒಂದು ಶೀಟಿನಲ್ಲಿ ಪ್ರತಿ ಪ್ರಯಾಣಕ್ಕೂ ಒಂದು ಸಾಲು ಹಾಕಿ, ಸೀಲು, ಟಿಕೆಟ್ ಇಮೇಲ್, ಸಿಬಿಎಸ್‌ಎ ದಿನಾಂಕ ಮೂರನ್ನೂ ಪಕ್ಕಪಕ್ಕ ಇಟ್ಟೆ. ಹೊಂದದ ಕಡೆ ಯಾಕೆ ಅಂತ ಅಲ್ಲೇ ಒಂದು ವಾಕ್ಯ. ಗಡಿಯಾಚೆ ಅಮೆರಿಕದ ಬಫಲೋಗೆ ಬೆಳಿಗ್ಗೆ ಹೋಗಿ ಸಂಜೆ ಬಂದಿದ್ದು ಗೈರಲ್ಲ, ಆದರೂ ಬರೆದೆ. ಅದು ಗಡಿಯವರ ರೆಕಾರ್ಡಿನಲ್ಲಿ ಇದ್ದೇ ಇರುತ್ತದೆ ಅಲ್ವಾ.

ಸುಮ್ನೆ ನೋಡೋಣ ಅಂತ ಫೋನ್ ಓಡಾಡಿದ ಜಾಗ ತೋರಿಸುವ ಗೂಗಲ್ ಟೈಮ್‌ಲೈನ್ ಕೂಡ ತೆಗೆದೆ. ಚೆನ್ನಾಗಿ ಕಾಣುತ್ತದೆ, ಆದರೆ ಯಾರು ಬೇಕಾದರೂ ತಿದ್ದಬಹುದು, ಹಾಕಲಿಲ್ಲ. ಒಂಟಾರಿಯೊ ಸರ್ಕಾರದ ಆರೋಗ್ಯ ವಿಮೆ ಓಹಿಪ್‌ನ ಕ್ಲೇಮ್ ಹಿಸ್ಟರಿ ಮಾತ್ರ ಬಂಗಾರ: ಡಾಕ್ಟರ್ ಎದುರು ನಾನೇ ಕೂತಿದ್ದ ದಿನ, ಸರ್ಕಾರದ್ದೇ ಕಾಗದ. ಮೂರು ತಿಂಗಳಿಗೊಂದಾದರೂ ಎಂಟ್ರಿ ಸಿಕ್ಕಿತು, ಮಧ್ಯದಲ್ಲಿ ಹಲ್ಲಿನ ಡಾಕ್ಟರ್ ರಸೀದಿ ಸೇರಿಸಿದೆ.

ಪಿಆರ್ (ಕಾಯಂ ನಿವಾಸಿ) ಆಗುವ ಮುಂಚಿನ ವರ್ಕ್ ಪರ್ಮಿಟ್ ದಿನಗಳು ಅರ್ಧ ಲೆಕ್ಕಕ್ಕೆ ಸಿಗುತ್ತವೆ, ಜಾಸ್ತಿ ಅಂದರೆ 365. ನಾನು ಅದನ್ನೂ ಸೇರಿಸಿ, ಮೇಲೆ ಒಂದು ತಿಂಗಳಿಗಿಂತ ಜಾಸ್ತಿ ದಿನ ಕೈಯಲ್ಲಿಟ್ಟುಕೊಂಡೇ ಹಾಕಿದ್ದೆ. ಕವರಿಂಗ್ ಲೆಟರ್‌ನಲ್ಲಿ ಕಾಗದಗಳನ್ನು ಯಾವ ಕ್ರಮದಲ್ಲಿ ಜೋಡಿಸಿದೆ ಅನ್ನೋದನ್ನು ಸದ್ಯಕ್ಕೆ ಹೇಳಲ್ಲ, ಹೆಂಡತಿ ಫೈಲ್ ಇನ್ನೂ ನಡೀತಿದೆ. ಅವಳದ್ದೂ ಇದೇ ಶೀಟು, ಪಿಆರ್ ಕಾರ್ಡ್ ರಿನ್ಯೂವಲ್‌ಗೆ ತೋರಿಸಬೇಕಾದ 730 ದಿನಕ್ಕೂ ಇದನ್ನೇ ಹಾಕಿದ್ದೆವು.